ಸಮುದ್ರದ ಕೋಡಿ

ನಮ್ಮ ಸೀಮೆಯವರಿಗೆ ಸಮುದ್ರವೆಂದರೆ ಸದರ. ನೋಡಿದವರು ಕಡಿಮೆ, ಆದರೆ ಹೆಸರಿಡುವುದರಲ್ಲಿ ಜಿಪುಣತನವಿಲ್ಲ. ಅರಸೀಕೆರೆಯಿಂದ ಯಾವ ದಿಕ್ಕಿಗೆ ಹೊರಟರೂ ಒಂದಲ್ಲ ಒಂದು ಸಮುದ್ರ ಅಡ್ಡ ಬರುತ್ತದೆ. ಹಿಂದೆ ಯಾರೋ ಪುಣ್ಯಾತ್ಮ ಏರಿ ಕಟ್ಟಿಸಿ, ಮಳೆನೀರು ನಿಲ್ಲಿಸಿ, ತಾಯಿಯದೋ ಹೆಂಡತಿಯದೋ ಹೆಸರಿನ ಮುಂದೆ ಸಮುದ್ರ ಅಂತ ಸೇರಿಸಿದ್ದರೆ ಮುಗಿಯಿತು. ಬೇಸಿಗೆಯಲ್ಲಿ ಆ ಸಮುದ್ರದ ನಡುಮಧ್ಯೆ ಹುಡುಗರು ಸ್ಟಂಪು ನೆಟ್ಟು ಕ್ರಿಕೆಟ್ ಆಡುತ್ತಾರೆ. ಹಳೇಬೀಡಿನವರ ಗತ್ತಂತೂ ಕೇಳುವುದೇ ಬೇಡ, ಅವರ ಊರಿನ ಹಳೆಯ ಹೆಸರೇ ದೋರಸಮುದ್ರ. ನನ್ನ ಅಕ್ಕ ಗೌರಮ್ಮನನ್ನು ಆ ಊರಿಗೆ ಮದುವೆ ಮಾಡಿ ಕಳಿಸಿದಾಗ ನಾನಿನ್ನೂ ಚಡ್ಡಿ ಜಾರುವ ವಯಸ್ಸಿನವನು. ಅಕ್ಕ ಎಲ್ಲಿ ಹೋದಳು ಎಂದು ರಚ್ಚೆ ಹಿಡಿದಾಗ ಅಮ್ಮ, "ಸಮುದ್ರದೂರಿಗೆ ಹೋಗವ್ಳೆ ಕಣೋ, ರಜಕ್ಕೆ ನಿನ್ನೂ ಕಳಿಸ್ತೀನಿ" ಎಂದು ಸಮಾಧಾನ ಮಾಡಿದಳು. ಹಾಗೆ ರಜಕ್ಕೆ ಹೋಗಿ ನಾನು ಸಮುದ್ರ ನೋಡಿಕೊಂಡು ಬಂದೆ.

ಆ ವಿದ್ಯೆಯನ್ನು ಶಾಲೆಯಲ್ಲಿ ಪ್ರಯೋಗಿಸಲು ಹೋಗಿ ಕೆಟ್ಟೆ. ಒಂದು ದಿನ ಮೇಷ್ಟ್ರು, ಸಮುದ್ರ ನೋಡಿದವರು ಕೈ ಎತ್ತಿ ಎಂದರು. ಇಡೀ ತರಗತಿಯಲ್ಲಿ ಎದ್ದದ್ದು ನನ್ನದೊಂದೇ ಕೈ. "ಎಲ್ಲಿ ನೋಡ್ದ್ಯೋ?" ಎಂದರು. "ನಮ್ಮಕ್ಕನ ಊರಲ್ಲಿ ಸಾ." "ಅಲೆ ಬರ್ತದೇನೋ ಅದ್ರಲ್ಲಿ?" "ಎಮ್ಮೆ ಇಳಿದಾಗ ಬರ್ತದೆ ಸಾ." ಮೇಷ್ಟ್ರು ಮೇಜು ಹಿಡಿದುಕೊಂಡು ನಕ್ಕರು. ಆಮೇಲೆ ಬಹಳ ಕಾಲ ನನ್ನನ್ನು ಎಲ್ಲರೂ ಎಮ್ಮೆಸಮುದ್ರ ಎಂದೇ ಕರೆದರು. ಅಕ್ಕ ತವರಿಗೆ ಬಂದಾಗ ಅವಳ ಸೆರಗಿನಲ್ಲಿ ಮುಖ ಹುದುಗಿಸಿ ಅತ್ತೆ. ಅವಳು ನನ್ನ ಮೂಗು ಒರೆಸಿ, "ನಿಮ್ಮ ಮೇಷ್ಟ್ರು ನಮ್ಮ ಕೆರೆ ನೋಡಿಲ್ಲ, ಬಿಡೋ ಶಿವು. ನೋಡಿದ್ರೆ ಅವರೂ ಸಮುದ್ರ ಅಂತಾನೇ ಅಂತಿದ್ರು" ಎಂದಳು. ತಪ್ಪು ನನ್ನದಲ್ಲ, ಪ್ರಪಂಚದ್ದು ಎಂದು ನನಗೆ ಹೇಳಿಕೊಟ್ಟವಳು ಅವಳೇ.

ಅದರ ಸೇಡು ತೀರಿಸಿಕೊಳ್ಳುವುದಕ್ಕೋ ಏನೋ, ದೊಡ್ಡವನಾದ ಮೇಲೆ ನಾನು ಪ್ರಪಂಚದ ತಪ್ಪುಗಳನ್ನೆಲ್ಲ ತಿದ್ದಲು ಶುರುಮಾಡಿದೆ. ಅರಸೀಕೆರೆ ಪೇಟೆಯಲ್ಲಿ ನನ್ನದೊಂದು ಪಾತ್ರೆ ಅಂಗಡಿ. ಕೊಂಡ ಪಾತ್ರೆಗೆ ಹೆಸರು ಹಾಕಿಕೊಡುವ ಮಿಷನ್ನೂ ಇದೆ. ಹಲ್ಲಿನ ಡಾಕ್ಟರ ಮಿಷನ್ನಿನ ಹಾಗೆ ಕೊರ್ರೆನ್ನುತ್ತಾ ಅಕ್ಷರ ಕೊರೆಯುತ್ತದೆ. ಮದುವೆಗೆ, ಗೃಹಪ್ರವೇಶಕ್ಕೆ, ತೀರಿಕೊಂಡವರ ನೆನಪಿಗೆ ಹಂಚಲು ಜನ ಲೋಟ ಬಟ್ಟಲು ಒಯ್ಯುತ್ತಾರೆ. ಅವರು ಬರೆದು ತರುವ ಹೆಸರುಗಳಲ್ಲಿ ತಪ್ಪು ಹಿಡಿಯುವುದು ನನ್ನ ಚಟ. ಪ್ರೀತಿಯ ಕಾಣಿಕೆ ಎನ್ನುವುದನ್ನು ಪ್ರಿತಿಯ ಕಾಣಿಕೆ ಎಂದು ಬರೆದು ತಂದವನಿಗೆ, ದೀರ್ಘ ಯಾಕೆ ಬೇಕು ಎಂದು ವಿವರಿಸದೆ ಒಂದು ಡಬರಿಯನ್ನೂ ಕೊಟ್ಟವನಲ್ಲ. ನನ್ನ ಹೆಂಡತಿ ನಿರ್ಮಲ ಗಲ್ಲಾಪೆಟ್ಟಿಗೆಯಿಂದಲೇ, "ಪಾತ್ರೆ ಮಾರ್ತೀರೋ, ಕಾಪಿ ಬರೆಸ್ತೀರೋ?" ಎಂದು ಕೇಳುತ್ತಾಳೆ. ಎಷ್ಟೋ ಗಿರಾಕಿಗಳು ಹೀಗೆ ಪಾಠ ಕೇಳಿ, ಪಾತ್ರೆಯನ್ನು ಪಕ್ಕದ ಅಂಗಡಿಯಲ್ಲಿ ಕೊಂಡಿದ್ದಾರೆ.

ನನ್ನ ತಿದ್ದುವಿಕೆಗೆ ಸೊಪ್ಪು ಹಾಕದ ಒಬ್ಬಳೇ ಒಬ್ಬಳು ಅಕ್ಕ. ಅವಳೂ ರುದ್ರಪ್ಪ ಭಾವನೂ ಸಾಯಂಕಾಲ ತೋಟದ ಕೆಲಸ ಮುಗಿಸಿ ಕೆರೆಯ ಏರಿಯ ಮೇಲೆ ಕೂರುತ್ತಿದ್ದರು. ಮಕ್ಕಳಾಗದ ಮನೆ. ಮಾತಿಗೆ ಹಕ್ಕಿಗಳೇ ಆಗಬೇಕು. ಭಾವ ಒಂದು ಹಕ್ಕಿ ತೋರಿಸಿ, "ಅದು ಬೆಳ್ಳಕ್ಕಿ ಅಲ್ಲ ಕಣೇ, ಕಾಲು ನೋಡು, ಕೊಕ್ಕು ನೋಡು, ಬೇರೆ ಜಾತಿ" ಎನ್ನುವರು. ಅಕ್ಕ ಒಪ್ಪುವವಳಲ್ಲ. "ಬೆಳ್ಳಗಿದ್ರೆ ಬೆಳ್ಳಕ್ಕಿ, ಕರ್ರಗಿದ್ರೆ ನೀರ್ಕಾಗೆ. ಅದಕ್ಕೆ ಕಾಲು ಕೊಕ್ಕು ಯಾಕ್ ನೋಡ್ಬೇಕು? ಹೆಣ್ಣು ನೋಡಕ್ ಬಂದಿದೀರಾ?" ಎನ್ನುವಳು. ಈ ಜಗಳ ಅವರ ಮದುವೆಯಷ್ಟೇ ಹಳೆಯದು. ಕತ್ತಲಾಗುವ ತನಕ ನಡೆದು, ಮನೆಗೆ ಹೋಗಿ ಮುದ್ದೆ ಉಂಡು, ಮಾರನೆಯ ಸಾಯಂಕಾಲ ಬಿಟ್ಟಲ್ಲಿಂದ ಮತ್ತೆ ಶುರುವಾಗುತ್ತಿತ್ತು. ನಾನು ಹೋದಾಗಲೆಲ್ಲ ಅಕ್ಕ ಇನ್ನೊಂದು ಪ್ರಶ್ನೆ ಕೇಳುತ್ತಿದ್ದಳು: "ಶಿವು, ನೀನು ಓದಿದೋನು ಹೇಳು, ನಿಜವಾದ ಸಮುದ್ರಕ್ಕೂ ಕೋಡಿ ಇರ್ತದೇನೋ?" ಕೆರೆ ತುಂಬಿದರೆ ಹೆಚ್ಚಿನ ನೀರು ಕೋಡಿ ಬಿದ್ದು ಹರಿದುಹೋಗಬೇಕು, ಇಲ್ಲದಿದ್ದರೆ ಏರಿ ಒಡೆಯುತ್ತದೆ, ಹಾಗಿರುವಾಗ ಅಷ್ಟು ದೊಡ್ಡ ಸಮುದ್ರಕ್ಕೆ ಕೋಡಿ ಬೇಡವೇ ಎಂಬುದು ಅವಳ ವಾದ. ನಾನು ಆವಿ, ಮೋಡ, ಮಳೆ ಎಂದು ಶುರುಮಾಡುತ್ತಿದ್ದೆ. ಅವಳು ಆಕಳಿಸಿ, "ಗೊತ್ತಿಲ್ಲ ಅಂತ ಹೇಳು, ಅದಕ್ಯಾಕೆ ಮೋಡ ತರ್ತೀಯ?" ಎಂದು ಎದ್ದುಹೋಗುತ್ತಿದ್ದಳು. ಭಾವ, "ಒಂದ್ ದಿನ ಹೋಗಿ ನೋಡ್ಕೊಂಡೇ ಬರಾನ ಬಿಡೇ" ಎನ್ನುತ್ತಿದ್ದರು.

ಹೋದ ವರ್ಷ ಮಳೆ ಚೆನ್ನಾಗಿ ಬಂದು ಹಳೇಬೀಡಿನ ಕೆರೆ ತುಂಬುತ್ತಾ ಬಂತು. ಕೋಡಿ ಬಿದ್ದ ಕೆರೆಗೆ ಬಾಗಿನ ಕೊಡುವುದೆಂದರೆ ಅಕ್ಕನಿಗೆ ಮಗಳ ಸೀಮಂತ ಮಾಡಿದಷ್ಟು ಸಂಭ್ರಮ. ಜೋಡಿ ಮೊರ ತಂದು, ಅರಿಶಿನ ಬಳಿದು, ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿಚ್ಚೋಲೆ, ಕಣ, ಕಾಯಿ ಎಲ್ಲ ತುಂಬಿಟ್ಟಳು. ಅಷ್ಟರಲ್ಲಿ ಅವಳ ಉಸಿರು ಕಟ್ಟತೊಡಗಿತು. ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಮಲಗಿಕೊಂಡು ಬಂದವರನ್ನೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: "ಕೋಡಿ ಬಿತ್ತಾ?" ಬಿತ್ತು ಎಂದು ಒಂದು ಬೆಳಿಗ್ಗೆ ಭಾವ ಬಂದು ಹೇಳಿದರು. ಅತ್ತಿಗೆಯ ಬದಲು ತಾನು ಕೊಟ್ಟುಬರುತ್ತೇನೆ ಎಂದು ನಿರ್ಮಲ ಹೇಳಿದ್ದಕ್ಕೆ ಭಾವ, "ಬ್ಯಾಡ ಕಣಮ್ಮ, ಅವಳೇ ಬಂದು ಕೊಡ್ತಾಳೆ. ಕೋಡಿ ಇನ್ನೂ ಹತ್ತು ದಿನ ಹರೀತದೆ" ಎಂದರು. ಕೋಡಿ ಹರಿಯಿತು. ಅಕ್ಕ ಬರಲಿಲ್ಲ. ಬಂದದ್ದು ಅವಳ ದೇಹ. ತೋಟದಲ್ಲಿ, ಅವಳೇ ನೆಟ್ಟ ತೆಂಗಿನ ಪಕ್ಕ, ವಿಭೂತಿ ಇಟ್ಟು ಮಣ್ಣು ಮಾಡಿದೆವು. ಕಣ್ಣೀರ ಕೋಡಿ ಹರಿಯಿತು ಎಂದು ಪೇಪರಿನಲ್ಲಿ ಬರೆಯುತ್ತಾರಲ್ಲ, ನನಗೆ ಅಂಥದ್ದೇನೂ ಆಗಲಿಲ್ಲ. ಶಾಮಿಯಾನ, ಅಡುಗೆಯವರು, ಮಠದ ಅಯ್ಯನವರು ಎಂದು ಓಡಾಡುವುದರಲ್ಲಿ ಅಳುವುದಕ್ಕೆ ಪುರುಸೊತ್ತಾಗಲಿಲ್ಲ. ಆಮೇಲೆ ಪುರುಸೊತ್ತಾದಾಗ ಅಳು ಬರಲಿಲ್ಲ.

ಮಣ್ಣಿಗೆ ಬಂದವರೆಲ್ಲ ಭಾವನ ಕೈ ಹಿಡಿದು ಒಂದೇ ಮಾತು ಹೇಳಿದರು: "ಪುಣ್ಯವಂತೆ ಬಿಡಿ, ಮುತ್ತೈದೆಯಾಗಿ ಹೋದ್ರು." ಅಂದರೆ ಗಂಡ ಬದುಕಿ ಉಳಿದದ್ದೇ ಅವಳ ಪುಣ್ಯ! ಭಾವ ಎಲ್ಲರಿಗೂ ಹೂಂ ಎಂದರು. ಅವತ್ತು ಶುರುವಾದ ಹೂಂ ಮುಂದೆ ನಿಲ್ಲಲೇ ಇಲ್ಲ. ಊಟ ಆಯ್ತಾ ಭಾವ? ಹೂಂ. ರಾಗಿ ಕೊಯ್ಲು ಆಯ್ತಾ? ಹೂಂ. ಆಗಿಲ್ವಂತಲ್ಲ? ಅದಕ್ಕೂ ಹೂಂ. ಏರಿಯ ಮೇಲೆ ಕೂರುವುದನ್ನು ಬಿಟ್ಟರು. ಒಲೆ ಹಚ್ಚುವುದನ್ನೂ ಬಿಟ್ಟರೆಂದು ನೆರೆಮನೆಯವರು ಹೇಳಿದರು. ನಾನು ಕಳಿಸಿದ ಹೋಳಿಗೆ ಡಬ್ಬಿಯಲ್ಲೇ ಬೂಷ್ಟು ಹಿಡಿಯಿತು. ಈ ವರ್ಷ ಮಳೆ ಕೈಕೊಟ್ಟು ಕೆರೆ ಕೋಡಿ ಬೀಳಲಿಲ್ಲ, ಅಕ್ಕನ ಬಾಗಿನ ಅಟ್ಟದ ಮೇಲೇ ಉಳಿಯಿತು. ಭಾವ ಎಲುಬಿನ ಹಂದರವಾದರು. ನಿರ್ಮಲ ಒಂದು ದಿನ, "ಹಿಂಗೇ ಬಿಟ್ರೆ ಅಣ್ಣನೂ ಅತ್ತಿಗೆ ಹಿಂದೇನೇ ಹೋಗ್ಬಿಡ್ತಾರೆ ಕಣ್ರೀ. ಎಲ್ಲಾದ್ರೂ ಕರ್ಕೊಂಡ್ ಹೋಗಣ" ಎಂದಳು. ಎಲ್ಲಿಗೆ? ಮಾಲೇಕಲ್ಲು ತಿರುಪತಿಗೆ ಎಂದೆ. ಮೆಟ್ಟಿಲು ಹತ್ತುವ ಶಕ್ತಿ ಅವರಿಗಿಲ್ಲ ಎಂದಳು. ನನಗೂ ಇಲ್ಲ ಎನ್ನುವುದನ್ನು ಅವಳು ಹೇಳಲಿಲ್ಲ. ಕೊನೆಗೆ ಅವಳೇ, "ಸಮುದ್ರಕ್ಕೆ" ಎಂದಳು. ಭಾವನನ್ನು ಕೇಳಿದೆವು. ಹೂಂ ಎಂದರು.

ಅಂಗಡಿಯ ಹಳೇ ವ್ಯಾನಿನಲ್ಲಿ ಹೊರಟೆವು. ಹಿಂದೆ ಇದ್ದ ಬಕೀಟು ಬಾಣಲೆಗಳನ್ನು ಇಳಿಸಲು ಮರೆತಿದ್ದೆ. ಹಳೇಬೀಡಿನಲ್ಲಿ ಭಾವ ಒಂದು ದೊಡ್ಡ ಬಟ್ಟೆಗಂಟು ಹಿಡಿದು ಹತ್ತಿದರು. ಹಿಂದೆ ಇಡಿ ಎಂದರೆ ಇಡಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡರು. ಬೇಲೂರಿನಲ್ಲಿ ಇಡ್ಲಿ ಹೇಳಿದೆವು, ಭಾವ ಅರ್ಧ ಇಡ್ಲಿ ಮುರಿದು ಬಿಟ್ಟರು. ಘಾಟಿಯ ಒಂದೊಂದು ತಿರುವಿಗೂ ಬಕೀಟುಗಳು ಉರುಳಿ, ಯಾವುದೋ ದೇವರ ಉತ್ಸವ ಹೊರಟ ಹಾಗೆ ಸದ್ದಾಗುತ್ತಿತ್ತು. ಆ ಗದ್ದಲದ ನಡುವೆ ಸ್ಟೀಲಿನದಲ್ಲದ ಇನ್ನೊಂದು ಗುಡುಗುಡು ಸದ್ದೂ ಕೇಳಿಸುತ್ತಿತ್ತು. ವ್ಯಾನಿನ ಯಾವ ಭಾಗ ಕಳಚಿತೋ ಎಂದು ಎರಡು ಸಲ ಇಳಿದು ಬಗ್ಗಿ ನೋಡಿದೆ. ಏನೂ ಕಾಣಲಿಲ್ಲ.

ಕುಂದಾಪುರದ ಕಡೆ ರಾತ್ರಿ ತಂಗಿ, ಬೆಳಿಗ್ಗೆ ಹೊಳೆಯ ದಡಕ್ಕೆ ಬಂದೆವು. ದಾರಿಯಲ್ಲಿ ಒಂದು ಬೋರ್ಡು: ಕೋಡಿ. ನನಗೆ ಮೈ ಜುಮ್ಮೆಂದಿತು. ಚಾದಂಗಡಿಯವರನ್ನು ವಿಚಾರಿಸಿದೆ. ಹೊಳೆ ಹೋಗಿ ಕಡಲು ಸೇರುವಲ್ಲಿ ನೆಲದ ತುದಿ ಮೂಗಿನ ಹಾಗೆ ಚಾಚಿಕೊಂಡಿರುತ್ತದಲ್ಲ, ಅದಕ್ಕೆ ಅವರ ಕಡೆ ಕೋಡಿ ಎನ್ನುತ್ತಾರಂತೆ. ಅಲ್ಲಿರುವ ಊರಿಗೂ ಅದೇ ಹೆಸರು. ನಮ್ಮ ಕೆರೆಯ ಕೋಡಿಗೂ ಅದಕ್ಕೂ ಸಂಬಂಧವಿಲ್ಲ. ಒಂದೇ ಪದಕ್ಕೆ ಎರಡು ಅರ್ಥ ಸಿಕ್ಕಿದ ಖುಷಿಯಲ್ಲಿ ನಾನು ಎರಡು ಚಾ ಕುಡಿದೆ. ಭಾವ ದೂರದಲ್ಲಿ ಗಂಟು ಹಿಡಿದು ನಿಂತಿದ್ದರು, ಅವರಿಗೆ ಇದೊಂದೂ ಕೇಳಿಸಿರಲಿಲ್ಲ.

ದೋಣಿಯ ಬಾಬಣ್ಣ ಎಂಬವರು ಹಕ್ಕಿಕಲ್ಲು ತೋರಿಸುತ್ತೇನೆಂದು ಕರೆದೊಯ್ದರು. ದಡದಿಂದ ಸ್ವಲ್ಪ ದೂರ ಸಮುದ್ರದಲ್ಲೇ ಎದ್ದು ನಿಂತ ಕರಿಯ ಬಂಡೆ ಅದು. ನನಗೆ ಸ್ನಾನದ ಹಂಡೆಗಿಂತ ಆಳವಾದ ನೀರೆಂದರೆ ಭಯ. ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಎದೆಯ ಮೇಲಿನ ಲಿಂಗವನ್ನು ನೆನೆಯುತ್ತಾ ಕುಳಿತೆ. ಈ ಸಮುದ್ರದಲ್ಲಿ ಎಮ್ಮೆ ಇಳಿಯದೆಯೂ ಅಲೆ ಬರುತ್ತಿತ್ತು. ಬಂಡೆ ಹತ್ತಿರವಾಯಿತು. ಅದರ ನೆತ್ತಿಯೆಲ್ಲ ಬೆಳ್ಳಗೆ, ಲಿಂಗಕ್ಕೆ ವಿಭೂತಿ ಬಳಿದಂತೆ ಕಂಡಿತು. ಭಕ್ತಿ ಉಕ್ಕಿ ಕೈ ಮುಗಿದೆ. "ಅದ್ ಹಕ್ಕಿ ಹಿಕ್ಕೆ ಮಾರಾಯ್ರೆ" ಎಂದರು ಬಾಬಣ್ಣ. ಮುಗಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಮತ್ತೆ ದೋಣಿಯ ಅಂಚು ಹಿಡಿದುಕೊಂಡೆ.

ಬಂಡೆಯ ತುಂಬ ಹಕ್ಕಿಗಳು. ಕಡಲಕಾಗೆಗಳು ಗುಂಪಾಗಿ ಕುಳಿತು, ಸಂತೆಯ ಹೆಂಗಸರ ಹಾಗೆ ಒಟ್ಟಿಗೇ ಮಾತಾಡುತ್ತಿದ್ದವು. ನಮ್ಮ ಕೆರೆಯಲ್ಲಿರುವಂಥದೇ ನೀರುಕಾಗೆ ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತಿತ್ತು. ಮೇಲೆ ಗರುಡ ಸುತ್ತುತ್ತಿತ್ತು. ಅಲೆ ಬಂದು ಹೋದಾಗಲೆಲ್ಲ ಬಂಡೆಯ ಸಂದಿನಿಂದ ಏಡಿಗಳು ಇಣುಕಿ, ಅಡ್ಡಡ್ಡ ಓಡಿ, ಮತ್ತೆ ಸಂದಿಗೆ ಸೇರುತ್ತಿದ್ದವು. ನಾನು ನೋಡುತ್ತಿದ್ದದ್ದು ಭಾವನನ್ನು. ಅವರ ಮುಖದಲ್ಲಿ ಏನೂ ಇರಲಿಲ್ಲ. ಇಷ್ಟು ದೂರ ಬಂದದ್ದು ದಂಡವಾಯಿತು ಎಂದುಕೊಂಡೆ.

ದೋಣಿ ಬಂಡೆಯ ಇನ್ನೊಂದು ಮಗ್ಗುಲಿಗೆ ತಿರುಗಿತು. ಅಲ್ಲಿ ನೀರಿನಂಚಿಗೆ ಒಂದು ಬೆಳ್ಳಕ್ಕಿ ನಿಂತಿತ್ತು. ಅದೇ ಉದ್ದನೆಯ ಕತ್ತು, ಅದೇ ಸಣ್ಣ ಕಾಲು, ಏನೋ ಕಳೆದುಕೊಂಡವರಂತೆ ನೀರನ್ನೇ ನೋಡುವ ಅದೇ ಭಂಗಿ. ಆದರೆ ಬಣ್ಣ ಕಪ್ಪು. ಮೋಡದ ಹಾಗೆ ಕಪ್ಪು. ಅದರ ಪಕ್ಕದಲ್ಲೇ ಅದರಂಥದೇ ಇನ್ನೊಂದು, ಅದು ಬೆಳ್ಳಗೆ. ಭಾವ ಕುಳಿತಲ್ಲಿಂದ ಅರ್ಧ ಎದ್ದರು. ದೋಣಿ ಓಲಾಡಿತು.

"ಗೌರೀ, ಇಲ್ಲ್ ನೋಡೇ! ಕರೀ ಬೆಳ್ಳಕ್ಕಿ! ಈಗೇನಂತೀಯ?"

ಜೋರಾಗಿ, ನಗುತ್ತಾ, ಪಕ್ಕಕ್ಕೆ ತಿರುಗಿ ಹೇಳಿದರು. ಪಕ್ಕದಲ್ಲಿದ್ದವಳು ನಿರ್ಮಲ. ಹತ್ತಿರ ಹತ್ತಿರ ಒಂದು ವರ್ಷಕ್ಕೆ ಅವರ ಬಾಯಿಂದ ಬಂದ ಮೊದಲ ಪೂರ್ತಿ ಮಾತು ಅದು, ಮತ್ತು ಅದನ್ನು ಕೇಳಬೇಕಾದವಳು ತೋಟದಲ್ಲಿ ಮಲಗಿದ್ದಳು. ಮದುವೆಯಾದಂದಿನಿಂದ ನಡೆದ ವಾದದಲ್ಲಿ ಭಾವ ಕೊನೆಗೂ ಗೆದ್ದಿದ್ದರು, ಸೋಲುವುದಕ್ಕೆ ಅಕ್ಕ ಇರಲಿಲ್ಲ. ಅವರ ನಗು ಮುಖದಲ್ಲೇ ನಿಂತುಹೋಯಿತು. ನಿರ್ಮಲ ಮೆಲ್ಲಗೆ, "ಹೂಂ ಅಣ್ಣ, ನೋಡ್ದೆ" ಎಂದಳು. ಭಾವ ಕುಳಿತುಕೊಂಡು, ಗಂಟಿನ ಮೇಲೆ ಹಣೆಯಿಟ್ಟು, ಮಗುವಿನ ಹಾಗೆ ಅತ್ತರು. ಬಾಬಣ್ಣ ಎಂಜಿನ್ ನಿಲ್ಲಿಸಿದರು. ಕರಿ ಬೆಳ್ಳಕ್ಕಿ ಯಾರಿಗೂ ಹೆದರದೆ ಒಂದು ಮೀನು ಹಿಡಿದು ನುಂಗಿತು.

ಸ್ವಲ್ಪ ಹೊತ್ತಾದ ಮೇಲೆ ಭಾವ ಟವೆಲಿನಲ್ಲಿ ಮುಖ ಒರೆಸಿಕೊಂಡು ಬಾಬಣ್ಣನ ಕಡೆ ತಿರುಗಿದರು. "ಅಲ್ಲಣ್ಣ, ಈ ಸಮುದ್ರಕ್ಕೆ ಕೋಡಿ ಎಲ್ಲೈತೆ?"

"ಕೋಡಿಯಾ?" ಎಂದು ಬಾಬಣ್ಣ ದಡದ ತುದಿಗೆ ಕೈ ತೋರಿಸಿದರು. "ಅಕಾ, ಅಲ್ಲ್ ಕಾಣಿ. ಅದೇ ಕೋಡಿ. ಅಲ್ಲಿಗ್ ಹೋಯ್ಕಾ?"

ಭಾವನ ಕಣ್ಣು ಅರಳಿತು. "ಐತೆ! ಕೋಡಿ ಐತೆ ಕಣ್ಲಾ ಶಿವು! ಅವಳು ಹೇಳಿದ್ದು ದಿಟ. ನೀನು ಮೋಡ ಗೀಡ ಅಂತಿದ್ದೆ!"

ನನ್ನ ಬಾಯಿ ತಾನಾಗಿಯೇ ತೆರೆಯಿತು. ಆ ಕೋಡಿ ಬೇರೆ, ಈ ಕೋಡಿ ಬೇರೆ, ಅದು ನೀರು ಬೀಳುವ ಜಾಗ, ಇದು ನೆಲದ ತುದಿ, ಎಂಬ ಇಡೀ ಪಾಠ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ನಿರ್ಮಲ ನನ್ನ ತೊಡೆ ಚಿವುಟಲು ಕೈ ತಂದದ್ದೂ ಕಂಡಿತು. ಅವಳು ಚಿವುಟುವ ಮೊದಲೇ ನಾನು, "ಹೌದು ಭಾವ, ಐತೆ" ಎಂದೆ. ಅವಳು ಗಾಬರಿಯಾಗಿ ನನ್ನ ಮುಖ ನೋಡಿದಳು. ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದಳೆಂದು ನಾನು ಹೇಳಿದರೆ ಅವಳು ಒಪ್ಪುವುದಿಲ್ಲ.

ಕೋಡಿಯ ಮರಳಿನ ಮೇಲೆ ಭಾವ ಗಂಟು ಬಿಚ್ಚಿದರು. ಒಳಗೆ ಅಕ್ಕನ ಜೋಡಿ ಮೊರ. ಅರಿಶಿನ ಮಾಸಿತ್ತು. ಅಕ್ಕಿಗೆ ಹುಳ ಬಿದ್ದಿತ್ತು, ಬೆಲ್ಲ ಕರಗಿ ಹಸಿರು ಬಳೆಗಳಿಗೆ ಮೆತ್ತಿಕೊಂಡಿತ್ತು. ಕಾಯಿ ಒಣಗಿ ಒಳಗೆ ಗುಡುಗುಡು ಎನ್ನುತ್ತಿತ್ತು. ಅಟ್ಟದ ಮೇಲೆ ವರ್ಷ ಕಳೆದ ಕಾಯಿ ಕೊಬ್ಬರಿಯಾಗುತ್ತದೆಂದು ಅರಸೀಕೆರೆಯವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಆದರೂ ನಾನು ಘಾಟಿಯಲ್ಲಿ ವ್ಯಾನಿನ ಅಡಿ ಹುಡುಕಿದ್ದೆ. "ಅಕ್ಕಿ ಬೇರೆ ಹಾಕ್ಲಾ ಅಣ್ಣ?" ಎಂದಳು ನಿರ್ಮಲ. "ಬ್ಯಾಡ ಕಣಮ್ಮ. ಅವಳು ತುಂಬಿದ್ದು, ಹಂಗೇ ಇರ್ಲಿ. ನಿನ್ನ ಕೈಯಾಗೆ ಕೊಡು. ನಮ್ಮ ಕೆರೆ ಕೋಡಿ ಯಾವಾಗ್ ಬೀಳ್ತದೋ, ಅಷ್ಟೊತ್ತಿಗೆ ನಾನಿರ್ತೀನೋ ಇಲ್ವೋ. ಇದು ಯಾವಾಗ್ಲೂ ತುಂಬೇ ಐತೆ." ನಿರ್ಮಲ ಸೆರಗು ಹೊದ್ದು, ಮೊಣಕಾಲುದ್ದ ನೀರಿಗಿಳಿದು ಬಾಗಿನ ಬಿಟ್ಟಳು. ಮೊದಲನೆಯ ಅಲೆ ಅದನ್ನು ವಾಪಸು ತಂದಿತು. ಎರಡನೆಯದೂ ತಂದಿತು. "ನಿಮ್ಮಕ್ಕ ಇನ್ನೂ ಕೊಸರಾಡ್ತಾವ್ಳೆ" ಎಂದರು ಭಾವ. ಆಮೇಲೆ ಹೊಳೆಯ ಸೆಳವು ಅದನ್ನು ಎಳೆದುಕೊಂಡಿತು. ಹಕ್ಕಿಕಲ್ಲಿನ ಕಡೆಗೆ ತೇಲುತ್ತಾ ಹೋಗುವುದನ್ನು ಕಾಣುವಷ್ಟು ಹೊತ್ತೂ ನೋಡಿದೆವು. ಅವತ್ತು ಮಧ್ಯಾಹ್ನ ಭಾವ ಎರಡು ಸಲ ಅನ್ನ ಹಾಕಿಸಿಕೊಂಡರು.

ಈಗ ಅವರು ಮತ್ತೆ ಸಾಯಂಕಾಲ ಏರಿಯ ಮೇಲೆ ಕೂರುತ್ತಾರೆ. ಹೋಗಿ ಬರುವವರನ್ನೆಲ್ಲ ನಿಲ್ಲಿಸಿ ಕರಿ ಬೆಳ್ಳಕ್ಕಿಯ ವಿಷಯ, ಸಮುದ್ರದ ಕೋಡಿಯ ವಿಷಯ ಹೇಳುತ್ತಾರಂತೆ. ನಂಬದವರಿಗೆ, "ನನ್ನ ಬಾಮೈದನ್ನ ಕೇಳ್ರಲಾ, ಓದಿದೋನು, ಅವನೂ ನೋಡವ್ನೆ" ಎನ್ನುತ್ತಾರಂತೆ. ಚಿಕ್ಕಂದಿನಲ್ಲಿ ಕೆರೆಯನ್ನು ಸಮುದ್ರ ಎಂದು ಸಾಕ್ಷಿ ಹೇಳಿ ನಗೆಪಾಟಲಾದವನು, ಮುದಿವಯಸ್ಸಿನಲ್ಲಿ ಸಮುದ್ರಕ್ಕೆ ಕೋಡಿಯಿದೆ ಎಂದು ಸಾಕ್ಷಿ ಹೇಳುತ್ತಾ ಕುಳಿತಿದ್ದೇನೆ.

ಮೊನ್ನೆ ಅಕ್ಕನ ವರ್ಷದ ಪುಣ್ಯಸ್ಮರಣೆಗೆ ಹಂಚಲು ಬಟ್ಟಲುಗಳ ಮೇಲೆ ಹೆಸರು ಹಾಕುತ್ತಿದ್ದೆ. ಹಳೇಬೀಡಿನಿಂದ ಕೊಡಪಾನ ಕೊಳ್ಳಲು ಬಂದವರೊಬ್ಬರು, "ಯಜಮಾನ್ರೇ, ಸಮುದ್ರಕ್ಕೆ ಕೋಡಿ ಇರೋದು ದಿಟವಾ?" ಎಂದು ಕೇಳಿದರು. ಐತೆ ಎಂದೆ. "ಹಂಗಾದ್ರೆ ಕೋಡಿ ಬಿದ್ದ ನೀರು ಎಲ್ಲಿಗೆ ಹೋಯ್ತದೆ?" ಎದುರಿಗಿದ್ದ ಬಟ್ಟಲಿನ ಅಕ್ಷರಗಳು ಮಂಜಾದವು. ಕನ್ನಡಕ ಒರೆಸಿದೆ, ಪ್ರಯೋಜನವಾಗಲಿಲ್ಲ, ನೀರು ಕನ್ನಡಕದ ಒಳಗಡೆಯಿಂದ ಬರುತ್ತಿತ್ತು. ಒಂದು ವರ್ಷ ತಡವಾಗಿ, ಗಿರಾಕಿಯ ಎದುರಿಗೆ, ಪೇಪರಿನವರು ಬರೆಯುವಂತೆಯೇ ಹರಿಯಿತು. ಮಿಷನ್ನು ಮಾತ್ರ ಕೊರ್ರೆನ್ನುತ್ತಲೇ ಇತ್ತು. ನಿರ್ಮಲ ಬಂದು ಬಟ್ಟಲು ಎತ್ತಿ ನೋಡಿದಳು. ಗೌರಮ್ಮ ಎನ್ನುವಲ್ಲಿ ಗೌರಮ ಎಂದಾಗಿತ್ತು. "ಊರಿಗೆಲ್ಲ ಪಾಠ ಹೇಳ್ತೀರಿ, ಸ್ವಂತ ಅಕ್ಕನ ಹೆಸರಲ್ಲಿ ಒತ್ತು ಬಿಟ್ಟಿದೀರಲ್ರೀ" ಎಂದಳು.

ಸ್ಟೀಲಿನ ಮೇಲೆ ಕೊರೆದದ್ದನ್ನು ಅಳಿಸುವ ಹಾಗಿಲ್ಲ. ಆ ಬಟ್ಟಲನ್ನು ಹಂಚುವಂತೆಯೂ ಇಲ್ಲ, ಮಾರುವಂತೆಯೂ ಇಲ್ಲ. ಮನೆಗೆ ತಂದು ಇಟ್ಟುಕೊಂಡಿದ್ದೇನೆ. ದಿನಾ ಬೆಳಿಗ್ಗೆ ನಿರ್ಮಲ ಅದರಲ್ಲೇ ಉಪ್ಪಿಟ್ಟು ಹಾಕಿಕೊಡುತ್ತಾಳೆ. ತಿದ್ದಲು ಆಗದ್ದರಿಂದ, ಅದರಲ್ಲೇ ತಿನ್ನುತ್ತಿದ್ದೇನೆ.